ಯಾವ ಜೈಲಿನಲ್ಲಿ, ಯಾರ ಹೆಸರಿನಲ್ಲಿ

ತಮ್ಮವರು ಇಂಥ ಜೈಲಿನಲ್ಲಿದ್ದಾರೆ ಎಂದು ಗೊತ್ತಿದ್ದವರಿಗೆ ನನ್ನಿಂದ ಏನೂ ಆಗಬೇಕಾಗಿರಲಿಲ್ಲ. ಅವರು ಸೀದಾ ಒಳಗೆ ಹೋಗಿ ವಕೀಲರ ಮೇಜಿನ ಮುಂದೆ ನಿಲ್ಲುತ್ತಿದ್ದರು. ಹಿಡಿದುಕೊಂಡು ಹೋದರು ಎನ್ನುವುದಷ್ಟೇ ಗೊತ್ತಿದ್ದು, ಎಲ್ಲಿಗೆ ಎಂದು ಗೊತ್ತಿಲ್ಲದವರು ಬಾಗಿಲ ಪಕ್ಕದ ನನ್ನ ಬೆಂಚಿನ ಮೇಲೆ ಕೂರುತ್ತಿದ್ದರು. ಹಾಸನದ ಒಂದು ವಕೀಲರ ಕಚೇರಿಗೆ ಟೈಪಿಸ್ಟ್ ಎಂದು ಸೇರಿದವಳು ನಾನು. ಕೆಲಸ ಬಿಡುವ ಹೊತ್ತಿಗೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿರಲಿಲ್ಲ. ‘ಜೈಲಲ್ಲಿರೋರ್ನ ಉಡುಕ್ಕೊಡೋ ಟೈಪಮ್ಮ’ ಎಂದರೆ ಮಾತ್ರ ಬಸ್ ಸ್ಟ್ಯಾಂಡಿನಿಂದಲೇ ದಾರಿ ತೋರಿಸುತ್ತಿದ್ದರು.

ಉಚಿತ ಕಾನೂನು ನೆರವಿನ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಈಗಲೂ ಆಗಾಗ ಮನೆಗೆ ಬರುತ್ತಾರೆ. ಕಾಫಿ ಕುಡಿಯುತ್ತ ಮೊಬೈಲ್ ತೆಗೆದು, “ಆಂಟಿ, ಈಗ ಇದರಲ್ಲೇ ಎಲ್ಲಾ ಸಿಗುತ್ತೆ. ಹೆಸರು, ತಂದೆ ಹೆಸರು ಒತ್ತಿದ್ರೆ ಆಯ್ತು. ನೀವೆಲ್ಲಾ ಎಷ್ಟು ಕಷ್ಟಪಟ್ಟಿದೀರಿ!” ಎಂದು ನನ್ನ ಮೇಲೆ ಮರುಕ ತೋರಿಸುತ್ತಾರೆ. ಕಷ್ಟಪಟ್ಟದ್ದು ನಿಜ. ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಹುಡುಕಿದ ಕಷ್ಟವಲ್ಲ, ಸಿಕ್ಕ ಮೇಲಿನ ಕಷ್ಟ. ಅದನ್ನು ಈ ಹುಡುಗಿಯರಿಗೆ ಬಾಯಲ್ಲಿ ಹೇಳಲು ನನ್ನಿಂದ ಆಗುವುದಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ಕೆಲಸದ ಮಾತು. ಪೊಲೀಸರು ಕರೆದುಕೊಂಡು ಹೋದ ಮನುಷ್ಯನ ಜಾಡು ಮೂರು ಕಡೆ ಬಿದ್ದಿರುತ್ತದೆ. ಠಾಣೆಯಲ್ಲಿ ಬಂಧನ, ಕೋರ್ಟಿನಲ್ಲಿ ರಿಮ್ಯಾಂಡು, ಜೈಲಿನಲ್ಲಿ ದಾಖಲಾತಿ. ಊರಿನವರು ಕಣ್ಣಾರೆ ಕಂಡದ್ದು ಜೀಪನ್ನಲ್ಲವೇ? ಅದಕ್ಕೇ ಬುತ್ತಿ ಕಟ್ಟಿಕೊಂಡು ಠಾಣೆಯ ಮುಂದೆಯೇ ಕಾದು ಕೂರುತ್ತಿದ್ದರು. ಅಷ್ಟರಲ್ಲಿ ಅವನು ಕೋರ್ಟು ದಾಟಿ ಜೈಲಿನ ಊಟ ಮಾಡುತ್ತಿರುತ್ತಿದ್ದ. ನಾನು ಕೋರ್ಟಿನಿಂದ ಶುರುಮಾಡುತ್ತಿದ್ದೆ. ಯಾವ ಜೈಲಿಗೆ ಕಳಿಸಿದ್ದೇವೆ ಎಂದು ಬರೆಯದೆ ಕೋರ್ಟು ಯಾರನ್ನೂ ಕಳಿಸುವುದಿಲ್ಲ. ಇದು ಯಾವ ವಿದ್ಯೆಯೂ ಅಲ್ಲ, ಮನೆಯವರಿಗೆ ಆ ಹೊತ್ತಿನಲ್ಲಿ ತಲೆ ಓಡುವುದಿಲ್ಲ, ಅಷ್ಟೆ.

ಶುರುವಿನ ವರ್ಷಗಳಲ್ಲಿ ಇದೆಲ್ಲ ಬಸ್ಸಿನಲ್ಲಿ ಓಡಾಡಿ ಆಗಬೇಕಿತ್ತು. ಅರಕಲಗೂಡಿಗೆ ಹೋಗಿ ‘ಇಲ್ಲಿಲ್ಲ’ ಎನ್ನಿಸಿಕೊಂಡು, ಹೊಳೆನರಸೀಪುರಕ್ಕೆ ಹೋಗಿ ‘ನೆನ್ನೆ ಹಾಸನಕ್ಕೆ ಕಳಿಸಿದ್ವಲ್ಲಮ್ಮ’ ಎನ್ನಿಸಿಕೊಂಡು, ನಮ್ಮ ಊರಿಗೇ ತಿರುಗಿ ಬಂದದ್ದಿದೆ. ಆಮೇಲೆ ಫೋನು ಬಂತು. ಗೇಟಿನವರ ಹೆಸರು, ಅವರ ಮಕ್ಕಳು ಯಾವ ಕ್ಲಾಸು ಎಂಬುದು ತಿಳಿದಿದ್ದರೆ ಫೋನಿನಲ್ಲೇ ಉತ್ತರ ಸಿಗುತ್ತಿತ್ತು. ಆಮೇಲೆ ಕಂಪ್ಯೂಟರ್ ಬಂತು. ಗೇಟಿನವರು ಮಕ್ಕಳ ಮಾತು ಬಿಟ್ಟು ಕೇಸ್ ನಂಬರ್ ಕೇಳತೊಡಗಿದರು. ಈಗ ಮೊಬೈಲು ಯಾರನ್ನೂ ಏನನ್ನೂ ಕೇಳುವುದಿಲ್ಲ.

ನಮ್ಮ ವಕೀಲರು ರಂಗಸ್ವಾಮಯ್ಯನವರು. ಮನುಷ್ಯ ಚಿನ್ನ, ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ. ಒಂದು ಸಲ ಅರಕಲಗೂಡು ಕಡೆಯ ತಂದೆಯೊಬ್ಬ ಬಂದು, ಜಾಮೀನು ಸಿಕ್ಕಿದ ಮಗ ಮನೆಗೆ ಬಂದಿಲ್ಲ, ಜೈಲಿನಲ್ಲಿ ಕೇಳಿದರೆ ಬಿಟ್ಟುಬಿಟ್ಟಿದ್ದೇವೆ ಅನ್ನುತ್ತಾರೆ ಎಂದು ಅತ್ತ. ರಂಗಸ್ವಾಮಯ್ಯನವರು ಕೆರಳಿ ಕೆಂಡವಾದರು. ಬಿಟ್ಟಿದ್ದರೆ ಮನುಷ್ಯ ಎಲ್ಲಿ, ಬರೆದುಕೊ ಎಂದು ಅಬ್ಬರಿಸಿ ದೊಡ್ಡ ಅರ್ಜಿ ಹೇಳಿದರು. ಮೂರು ಪ್ರತಿ ಟೈಪು ಮಾಡಿ ಬೆರಳು ನೋಯಿಸಿಕೊಂಡು ಕ್ಯಾಂಟೀನಿಗೆ ಹೋದೆ. ತಂದೆ ಕೊಟ್ಟಿದ್ದ ಫೋಟೋದ ಹುಡುಗ ಗಡ್ಡ ಬಿಟ್ಟುಕೊಂಡು ಅಲ್ಲೇ ಲೋಟ ತೊಳೆಯುತ್ತಿದ್ದ. ಊರಿಗೆ ಹೋಗಲು ಮುಖವಿಲ್ಲ ಎಂದು ಕೋರ್ಟಿನ ಕಾಂಪೌಂಡಿನಲ್ಲೇ ಕೆಲಸಕ್ಕೆ ಸೇರಿಕೊಂಡಿದ್ದ! ರಂಗಸ್ವಾಮಯ್ಯನವರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, “ಆ ಅರ್ಜೀನ ಹರಿದು ಬಿಸಾಕು. ಅವನಿಗೆ ಮೊದಲು ಕಟಿಂಗ್ ಮಾಡಿಸಿ ಆಮೇಲೆ ಅಪ್ಪನಿಗೆ ತೋರಿಸು” ಎಂದರು. ಆಗ ನಕ್ಕಿದ್ದೆವು. ಬಿಡುಗಡೆಯಾದವನೂ ಮನೆಯವರಿಗೆ ಸಿಗದೆ ಇರಲು ಬಯಸಬಹುದು ಎಂಬುದನ್ನು ನಗುವಿನಲ್ಲಿ ತೇಲಿಸಿಬಿಟ್ಟೆವು.

ಗಂಡಸರನ್ನು ಹುಡುಕಿಕೊಂಡು ತಾಯಿ ಬರುತ್ತಾಳೆ, ಹೆಂಡತಿ ಬರುತ್ತಾಳೆ, ಕೊನೆಗೆ ಸೋದರತ್ತೆಯಾದರೂ ಬರುತ್ತಾಳೆ. ಹೆಂಗಸರನ್ನು ಹುಡುಕಿಕೊಂಡು ಬಂದವರು ನನ್ನ ಕಾಲದಲ್ಲಿ ಕಡಿಮೆ. ತವರಿನವರು ಗಂಡನ ಮನೆಯಲ್ಲಿದ್ದಾಳೆ ಅಂದುಕೊಂಡಿರುತ್ತಾರೆ, ಗಂಡನ ಮನೆಯವರು ತವರಿನವರು ನೋಡಿಕೊಳ್ಳಲಿ ಅನ್ನುತ್ತಾರೆ. ಹಾಗೆ ಅಪರೂಪಕ್ಕೆ ಬಂದವರಲ್ಲಿ ತಿಮ್ಮೇಗೌಡರನ್ನು ಮರೆಯಲು ನನ್ನಿಂದ ಆಗಿಲ್ಲ.

ಗೌರಿ ಹಬ್ಬ ಕಳೆದು ಮೂರು ನಾಲ್ಕು ದಿನವಾಗಿತ್ತು. ನುಗ್ಗೇಹಳ್ಳಿ ಕಡೆಯ ತೆಂಗಿನ ತೋಟದ ಗೌಡರು, ಐವತ್ತು ದಾಟಿದವರು, ಹೊಸ ಪಂಚೆ ಉಟ್ಟುಕೊಂಡು, ಬಟ್ಟೆಯಲ್ಲಿ ಕಟ್ಟಿದ ಬಾಗಿನದ ಮೊರವನ್ನು ಎದೆಗವಚಿಕೊಂಡು ನನ್ನ ಬೆಂಚಿನ ಮೇಲೆ ಕೂತರು. ಮೊರದ ಅಂಚಿನಲ್ಲಿ ಬಳೆ, ಅರಿಸಿನದ ಕೊಂಬು ಕಾಣುತ್ತಿದ್ದವು. ಜೈಲಿನ ವಿಚಾರಕ್ಕೆ ಬಾಗಿನ ಹಿಡಿದುಕೊಂಡು ಬಂದವರನ್ನು ನಾನು ಅದೇ ಮೊದಲು ನೋಡಿದ್ದು.

“ನನ್ ತಂಗಿ ಕಣಮ್ಮ, ಸರೋಜ. ಅಬ್ಬುಕ್ಕೆ ಬಾಗ್ನ ಕೊಡಾಣ ಅಂತ ಓದೆ. ಮನೆ ಬೀಗ. ಪಕ್ಕದ್ ಮನೆಯೋರು, ಯುಗಾದಿ ಆದ್ಮೇಲೆ ಪೊಲೀಸ್ನೋರು ಕರ್ಕೊಂಡೋದ್ರಲ್ಲ, ನಿಮ್ಗೆ ಗೊತ್ತಿಲ್ವಾ ಅಂತ ನನ್ನೇ ಕೇಳುದ್ರು. ತವ್ರಿಂದ ಒಂಟ ಬಾಗ್ನ ಎಂಗಮ್ಮ ವಾಪಸ್ ಮನ್ಗೆ ತಗಂಡೋಗ್ಲಿ? ಅದ್ಕೇ ಇಡ್ಕಂಡೇ ಉಡುಕ್ತಾ ಇವ್ನಿ.”

ಸರೋಜಮ್ಮನನ್ನು ಕೊಟ್ಟದ್ದು ಹಳ್ಳಿಮೈಸೂರಿನ ಹತ್ತಿರದ ಒಂದು ಊರಿಗೆ. ಮದುವೆಯ ಕೆಲವು ವರ್ಷಗಳ ಮೇಲೆ ಗೌಡರಿಗೂ ಆಕೆಯ ಗಂಡನಿಗೂ ಮಾತು ಬೆಳೆದು, ಎರಡು ಮನೆಗೂ ಹೋಗಿಬರುವುದು ನಿಂತಿತ್ತು. ವರ್ಷಕ್ಕೊಮ್ಮೆ ಗೌಡರು ಬಾಗಿನ ತಂದು, ಒಳಗೆ ಕಾಲಿಡದೆ, ಜಗುಲಿಯ ಮೇಲೆ ತಂಗಿಯ ಕೈಗೆ ಕೊಟ್ಟು ಹೋಗುತ್ತಿದ್ದರು. ನಡುವೆ ಫೋನಿನಲ್ಲಿ ಮಾತು. ಯುಗಾದಿಯಾದ ಮೇಲೆ ಫೋನು ಸತ್ತುಹೋಯಿತು. ಗಂಡ ಫೋನು ಕಿತ್ತುಕೊಂಡಿದ್ದಾನೆ ಎಂದು ಇವರು ಹಲ್ಲು ಕಡಿದುಕೊಂಡು ಸುಮ್ಮನಿದ್ದರು.

ಗೌಡರು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೂರೂ ಊರುಗಳ ಜೈಲು ಬಾಗಿಲಿಗೆ ಹೋಗಿ ಕೇಳಿದ್ದರು. ಮೂರೂ ಕಡೆ ಇಲ್ಲ ಎಂದಿದ್ದರು. ಅವರು ಹೇಳಿದ್ದು ಸುಳ್ಳಲ್ಲ. ತಾಲ್ಲೂಕಿನ ಸಣ್ಣ ಜೈಲುಗಳಲ್ಲಿ ಹೆಂಗಸರನ್ನು ಇಡುತ್ತಿರಲಿಲ್ಲ. ಮೊಬೈಲಿನಲ್ಲಿ ಹುಡುಕುವುದು ಆಗತಾನೆ ಬಂದಿತ್ತು. ಬಸ್ಸಿನಲ್ಲಿ ಸಿಕ್ಕ ಕಾಲೇಜು ಹುಡುಗನೊಬ್ಬ ಅದರಲ್ಲೂ ಹುಡುಕಿಕೊಟ್ಟಿದ್ದನಂತೆ. ಸರೋಜ, ತಂದೆ ಕರಿಗೌಡ ಎಂದು ಒತ್ತಿದರೆ ಅಲ್ಲೂ ಇಲ್ಲ.

“ಗಂಡನ ಹೆಸರು ಹೇಳಿ ಗೌಡ್ರೇ. ಮದುವೆಯಾದ ಹೆಂಗಸರನ್ನು ಗಂಡನ ಹೆಸರಿನಲ್ಲಿ ಬರೆದಿರ್ತಾರೆ” ಎಂದೆ.

ಗೌಡರ ಮುಖ ಬಿಗಿಯಿತು. “ಆ ನನ್ಮಗನ್ ಎಸ್ರು ನನ್ ಬಾಯಲ್ಲಿ ಬರಾಕಿಲ್ಲ. ನಾನ್ ಆಣೆ ಮಡಿಕಂಡಿವ್ನಿ.”

“ಆಣೆ ಬೇಕೋ ತಂಗಿ ಬೇಕೋ?”

ಮನುಷ್ಯ ಆ ಕಡೆ ನೋಡಿದರು, ಈ ಕಡೆ ನೋಡಿದರು. ಕೊನೆಗೆ ಮಡಿಲಿನ ಮೊರವನ್ನು ಬೆಂಚಿನ ಮೇಲಿಟ್ಟು, ನನ್ನ ಪೆನ್ನು ಇಸಿದುಕೊಂಡು, ನ್ಯೂಸ್ ಪೇಪರಿನ ಮೂಲೆಯಲ್ಲಿ ‘ನಂಜೇಗೌಡ’ ಎಂದು ಗೀಚಿ ತಳ್ಳಿದರು. ಆಣೆ ಮುರಿಯಲಿಲ್ಲ, ಬಾಯಲ್ಲಿ ಹೇಳಲಿಲ್ಲವಲ್ಲ! ನನಗೆ ನಗು ತಡೆಯಲಿಲ್ಲ. ಅವರೂ ಸ್ವಲ್ಪ ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಸರೋಜ, ಗಂಡ ನಂಜೇಗೌಡ ಎಂದ ಕೂಡಲೇ ಸಿಕ್ಕಿತು. ಹಾಸನದಲ್ಲೇ, ನಮ್ಮ ಕಚೇರಿಯಿಂದ ಆಟೋದಲ್ಲಿ ಹೋಗುವಷ್ಟು ದೂರದಲ್ಲಿ ಆಕೆ ಇದ್ದಳು. ಕೋರ್ಟಿನಲ್ಲಿ ವಿಚಾರಿಸಿದೆ. ಬದುವಿನ ಜಗಳದಲ್ಲಿ ಒಬ್ಬ ಸತ್ತಿದ್ದ. ಜಗಳದ ಜಾಗದಲ್ಲಿದ್ದ ಗಂಡ, ಮೈದುನ, ಈಕೆ, ಮೂವರ ಮೇಲೂ ಕೇಸು. ಮೂವರಿಗೂ ಜಾಮೀನಾಗಿ ತಿಂಗಳುಗಳಾಗಿದ್ದವು. ಗಂಡಸರಿಬ್ಬರೂ ಹೊರಗೆ ಬಂದು ಊರು ಬಿಟ್ಟಿದ್ದರು. ಈಕೆಗೆ ಮಾತ್ರ ಪಹಣಿ ತಂದು ಹೊಣೆ ನಿಲ್ಲುವವರು ಯಾರೂ ಬಂದಿರಲಿಲ್ಲ. ಗೌಡರಿಗೆ ಜಮೀನಿತ್ತು. ಅವರು ನಿಂತರೆ ತಂಗಿ ಹೊರಗೆ. ಇಷ್ಟು ಸುಲಭದ ಕೆಲಸ ಅಪರೂಪ ಎಂದು ನಾನು ಒಳಗೊಳಗೇ ಬೀಗಿದೆ.

“ನೀವು ಹೊರಗೆ ಕೂತಿರಿ. ನಾನು ಒಳಗೆ ಹೋಗಿ ವಕಾಲತ್ತಿಗೆ ಸಹಿ ಹಾಕಿಸ್ಕೊಂಡು ಬರ್ತೀನಿ” ಎಂದು ಗೌಡರನ್ನು ಜೈಲಿನ ಗೇಟಿನ ಎದುರಿನ ಮರದ ಕೆಳಗೆ ಕೂರಿಸಿ ಹೋದೆ.

ಸರೋಜಮ್ಮ ಎತ್ತರದ ಹೆಂಗಸು, ಅಣ್ಣನದೇ ಮೂಗು. ‘ನಿಮ್ಮಣ್ಣ ಬಂದಿದಾರೆ’ ಎಂದರೆ ಅತ್ತುಬಿಡುತ್ತಾಳೆ ಎಂದು ಕರ್ಚೀಫು ಕೈಯಲ್ಲಿ ಹಿಡಿದಿದ್ದೆ. ಆಕೆ ಅಳಲಿಲ್ಲ. ಬಿಳಿಚಿಕೊಂಡಳು.

“ಇಲ್ಲಾ ಅನ್ನಿ” ಎಂದಳು.

“ಏನು?”

“ನಾನು ಇಲ್ಲಿಲ್ಲಾ ಅನ್ನಿ ಅಮ್ಮಾರೆ. ನಿಮ್ ಕಾಲಿಗ್ ಬೀಳ್ತೀನಿ. ಉಡುಕ್ದೆ, ಸಿಗ್ನಿಲ್ಲ ಅನ್ನಿ.”

ಕೂರಿಸಿ ಕೇಳಿದ ಮೇಲೆ ಒಂದೊಂದಾಗಿ ಹೇಳಿದಳು. ತಿಮ್ಮೇಗೌಡರ ಮಗಳು ಭಾಗ್ಯ. ಸರೋಜಮ್ಮ ಮದುವೆಯಾಗಿ ಹೋಗುವ ತನಕ ಆ ಮಗು ಇವಳ ಸೊಂಟದಿಂದ ಇಳಿದದ್ದಿಲ್ಲ. ಡಿಗ್ರಿ ಮುಗಿಸಿದ ಭಾಗ್ಯನಿಗೆ ದಂಡಿಗನಹಳ್ಳಿ ಕಡೆಯ ಒಳ್ಳೆಯ ಮನೆಯ ಗಂಡು ಗೊತ್ತಾಗಿ, ದೀಪಾವಳಿಯಾದ ಮೇಲೆ ಮದುವೆ ಎಂದು ಮಾತಾಗಿತ್ತು. ಹುಡುಗಿಯ ಸೋದರತ್ತೆ ಕೊಲೆ ಕೇಸಿನಲ್ಲಿ ಜೈಲಿನಲ್ಲಿದ್ದಾಳೆ ಎಂದರೆ ಯಾರು ತಂದುಕೊಳ್ಳುತ್ತಾರೆ? ಪೊಲೀಸರು ಯಾರಿಗೆ ತಿಳಿಸಬೇಕು ಎಂದು ಕೇಳಿದಾಗ ಇವಳು ತವರಿನ ಹೆಸರೇ ಎತ್ತಿರಲಿಲ್ಲ. ಗಂಡ ಹೊರಗೆ ಹೋಗುವಾಗ, ನಿಮ್ಮಣ್ಣನ ಕಾಲಾದರೂ ಹಿಡಿದು ಕರೆದುಕೊಂಡು ಬರುತ್ತೇನೆ ಅಂದಿದ್ದನಂತೆ. ತವರಿಗೆ ತಿಳಿಸಕೂಡದು ಎಂದು ಅವನ ಕೈಯಲ್ಲೂ ಆಣೆ ಮಾಡಿಸಿದ್ದಳು.

“ನಮ್ಮನೇಲಿ ಆಣೆಗೇನು ಕಮ್ಮಿ ಇಲ್ಲ ಕಣಮ್ಮ” ಎಂದು ಆಕೆ ನಗಲು ನೋಡಿದಳು. “ಅಣ್ಣ ಪಹಣಿ ಇಡ್ಕಂಡು ಕೋರ್ಟಲ್ಲಿ ನಿಂತ್ರೆ ಊರ್ಗೆಲ್ಲ ಗೊತ್ತಾಯ್ತದೆ. ಕಾರ್ತೀಕದಲ್ಲಿ ಮಗೀನ್ ಕೊಳ್ಗೆ ತಾಳಿ ಬಿದ್ಬುಡ್ಲಿ. ಅದ್ರ ಮಾರ್ನೆ ದಿನ ನಾನೇ ಕಾಗ್ದ ಬರುಸ್ತೀನಿ. ಅಲ್ಲೀಗಂಟ ಎಂಗೋ ಇರ್ತೀನಿ. ಇಲ್ಲೇನ್ ನನ್ನ ಉರ್ಕಂಡ್ ತಿಂದ್ಬುಡ್ತಾರಾ?”

ವಕಾಲತ್ತಿಗೆ ಸಹಿ ಹಾಕಲಿಲ್ಲ. ಹೊಣೆಗಾರ ನಿಂತರೂ, ಹಾಜರಾಗುತ್ತೇನೆ ಎಂದು ಆಕೆ ತಾನೂ ಮುಚ್ಚಳಿಕೆಗೆ ಸಹಿ ಹಾಕದಿದ್ದರೆ ಯಾರೂ ಬಿಡುವಂತಿಲ್ಲ. ಬೀಗ ತೆಗೆಯುವವರು ತಯಾರಿದ್ದರೂ ಹೊರಗೆ ಬರಲು ಒಲ್ಲದ ಖೈದಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಹುಡುಗಿಯರೇ, ಈ ಕೆಲಸಕ್ಕೆ ಬರುವ ನಿಮಗೆ ನಾನು ಹೇಳಬೇಕೆಂದಿರುವುದು ಇದೇ. ಹೊರಗೆ ಕಾಯುತ್ತಿರುವವರಿಗೆ ‘ಸಿಕ್ಕರು’ ಎನ್ನುವ ಮೊದಲು, ಒಳಗಿರುವವರನ್ನು ಒಂದು ಮಾತು ಕೇಳಿ. ಮೊಬೈಲು ಅದನ್ನು ಕೇಳುವುದಿಲ್ಲ. ನನಗೂ ಆ ಬುದ್ಧಿ ಬಂದದ್ದು ಕೂದಲು ನೆರೆತ ಮೇಲೆ.

ಗೌಡರಿಗೆ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ. ಕಚೇರಿಯ ಮೆಟ್ಟಿಲವರೆಗೂ ಕರೆದುಕೊಂಡು ಬಂದು, ಇದ್ದಾಳೆ, ಆರೋಗ್ಯವಾಗಿದ್ದಾಳೆ, ಭಾಗ್ಯನ ಮದುವೆ ಆಗುವ ತನಕ ಹೊರಗೆ ಬರುವುದಿಲ್ಲವಂತೆ ಎಂದೆ. ಅವರು ಗೋಡೆಗೆ ಒರಗಿ ಕೂತುಬಿಟ್ಟರು. ಐದು ತಿಂಗಳು ತಂಗಿ ತಮ್ಮ ಮಗಳಿಗಾಗಿ ಒಳಗೆ ಕೂತಿದ್ದಾಳೆ ಎಂಬುದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ತಲೆ ಚಚ್ಚಿಕೊಂಡರು.

“ಅಯ್ಯೋ ಮೂದೇವಿ... ನಾನ್ ಮೂರ್ ಊರ್ಗೂ ಸಾರ್ಕಂಡ್ ಬಂದಿವ್ನಲ್ಲಮ್ಮ!”

ನಿಜ. ಹೊಸ ಪಂಚೆ ಉಟ್ಟು ಬಾಗಿನದ ಮೊರ ಹಿಡಿದ ಗಂಡಸು ಜೈಲಿನ ಬಾಗಿಲಲ್ಲಿ ನಿಂತರೆ ಯಾರು ತಾನೆ ಕೇಳುವುದಿಲ್ಲ? ಬಸ್ಸಿನಲ್ಲಿ ಕೇಳಿದ್ದರು, ಹೋಟೆಲಿನಲ್ಲಿ ಕೇಳಿದ್ದರು, ಗೇಟಿನಲ್ಲಿ ತಮ್ಮವರನ್ನು ನೋಡಲು ಬಂದವರೆಲ್ಲ ಕೇಳಿದ್ದರು. ಗೌಡರು ಮುಚ್ಚುಮರೆ ಅರಿಯದ ಮನುಷ್ಯ. ಯಾರಿಗಾದರೂ ಗೊತ್ತಿದ್ದೀತೆಂಬ ಆಸೆಯಿಂದ ಊರು, ಮನೆತನ, ತಂಗಿಯ ಹೆಸರು ಎಲ್ಲವನ್ನೂ ಕೇಳಿದವರಿಗೆಲ್ಲ ಹೇಳಿದ್ದರು. ಬಾಗಿನವನ್ನು ಮನೆಯಲ್ಲಿ ಬಿಟ್ಟು ಬರೀ ಕೈಯಲ್ಲಿ ತಿರುಗಿದ್ದರೆ ಅವರ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ತಂಗಿಗೆ ಕೇಡಾಗಬಾರದೆಂದು ಅದನ್ನು ಎದೆಗವಚಿಕೊಂಡು ತಿರುಗಿದ್ದರು ಪುಣ್ಯಾತ್ಮ.

“ಎಲ್ಲರೂ ನಿಮ್ಮ ಬೀಗರ ಕಡೆಯವರೇ ಆಗಿರ್ತಾರಾ? ಸುಮ್ಮನೆ ಊರಿಗೆ ಹೋಗಿ. ಬಾಯಿ ಬಿಡಬೇಡಿ” ಎಂದು ಸಮಾಧಾನ ಹೇಳಿ ಬಸ್ಸು ಹತ್ತಿಸಿದೆ. ಬಾಗಿನವನ್ನು ನನ್ನ ಕೈಗೆ ಕೊಟ್ಟು, ನೀವೇ ಇಟ್ಟುಕೊಳ್ಳಿ, ನೀವೂ ನನ್ನ ತಂಗಿಯೇ ಎಂದರು. ಬೇಡ ಎನ್ನಲು ಬಾಯಿ ಬರಲಿಲ್ಲ. ಆ ಬಳೆಗಳನ್ನು ನಾನು ತೊಟ್ಟೆ.

ರಂಗಸ್ವಾಮಯ್ಯನವರು ಎಲ್ಲ ಕೇಳಿ, ಎಂದಿನಂತೆ ಸಿಟ್ಟಾಗಲಿಲ್ಲ. “ಕಾನೂನಿನಲ್ಲಿ ಇದಕ್ಕೇನೂ ಇಲ್ಲಮ್ಮ. ಒಳಗೆ ಹಾಕೋದಕ್ಕೆ ಇದೆ, ಬಿಡೋದಕ್ಕೆ ಇದೆ. ಬರಲ್ಲ ಅನ್ನೋರಿಗೆ ಏನೂ ಬರೆದಿಲ್ಲ” ಎಂದರು.

ಹತ್ತು ಹದಿನೈದು ದಿನ ಕಳೆದಿರಬೇಕು. ಗೌಡರು ಮತ್ತೆ ಬಂದರು. ಈ ಸಲ ಕೈಯಲ್ಲಿ ಪಹಣಿ, ಜೊತೆಯಲ್ಲಿ ಮಗಳು. ಚೂಡಿದಾರ ತೊಟ್ಟು, ತಲೆಗೂದಲನ್ನು ಬಿಗಿಯಾಗಿ ಹೆಣೆದುಕೊಂಡಿದ್ದ ಭಾಗ್ಯ ಬೆಂಚಿನ ತುದಿಯಲ್ಲಿ ಕೂತಳು. ನಾನು ಕೇಳುವ ಮೊದಲೇ ಗೌಡರು ಹೇಳಿದರು.

“ನಿಂತೋಯ್ತು ಕಣಮ್ಮ. ಚೆನ್ರಾಯ್ಪಟ್ಣದ್ ಜೈಲ್ ತವ ಗಂಡಿನ್ ಸೋದರಮಾವನೇ ನಿಂತಿದ್ನಂತೆ, ಇನ್ಯಾರ್ನೋ ನೋಡಾಕೆ ಬಂದು. ನಾನ್ ಅವ್ನ್ ಎದುರ್ಗೇ ಎಲ್ಲಾನೂ ಏಳಿವ್ನಿ. ಉಡುಗನ್ ಜಾತ್ಕದಲ್ಲಿ ಈ ವರ್ಸ ಯೋಗ ಇಲ್ಲ ಅಂತ ಏಳ್ಕಳ್ಸವ್ರೆ.”

ನಮ್ಮ ಕಡೆ ಯಾರೂ ಯಾರ ಮುಖಕ್ಕೂ ಹೊಡೆದಂತೆ ಹೇಳುವುದಿಲ್ಲ. ಜಾತಕಕ್ಕೆ ಹೇಳುತ್ತಾರೆ. ಯಾರನ್ನು ಬೈಯಬೇಕೋ ನನಗೆ ತಿಳಿಯಲಿಲ್ಲ. ಗಂಡಿನವರು ವಿಚಾರಿಸಿದ್ದು ಎಲ್ಲರೂ ವಿಚಾರಿಸುವ ಹಾಗೆ. ಗೌಡರು ಹುಡುಕಿದ್ದು ಯಾವ ಅಣ್ಣನಾದರೂ ಹುಡುಕುವ ಹಾಗೆ. ಯಾರದೂ ತಪ್ಪಿಲ್ಲದೆ ಒಂದು ಮನೆ ಹೀಗೆ ಹಾಳಾಗುವುದನ್ನು ನೋಡಿದರೆ ಬೈಯಲು ಒಬ್ಬನಾದರೂ ಇರಬಾರದಿತ್ತೇ ಅನ್ನಿಸುತ್ತದೆ.

“ನೀವೇ ಓಗಿ ಏಳ್ಬುಡಿ ತಾಯಿ. ಇನ್ಯಾತಕ್ಕೆ ಅವ್ಳು ಅಲ್ಲಿ ಕುಂತಿರಾದು? ನನ್ ಬಾಯಲ್ಲಿ ಏಳಾಕಾಗಕಿಲ್ಲ” ಎಂದರು ಗೌಡರು.

ಎಷ್ಟೋ ತಾಯಂದಿರಿಗೆ ಮಗ ಸಿಕ್ಕ ಸುದ್ದಿ ಹೇಳಿದ್ದೇನೆ. ಜಾಮೀನು ವಜಾ ಆದದ್ದನ್ನೂ ಹೇಳಿದ್ದೇನೆ. ಆ ದಿನದಷ್ಟು ಭಾರವಾದ ಹೆಜ್ಜೆ ಇಟ್ಟುಕೊಂಡು ಆ ಗೇಟು ದಾಟಿದ್ದು ನೆನಪಿಲ್ಲ. ಒಬ್ಬ ಹೆಂಗಸು ಐದಾರು ತಿಂಗಳು ಜೈಲು ಅನುಭವಿಸಿ ಕಾಪಾಡಿಕೊಂಡದ್ದು ಮುರಿದುಬಿತ್ತು ಎಂದು ಹೇಳಬೇಕಿತ್ತು. ಹೇಳಿ, ಇನ್ನು ನೀನು ಇಲ್ಲಿರುವ ಕಾರಣವಿಲ್ಲ, ಬಾ ಎನ್ನಬೇಕಿತ್ತು.

ಸರೋಜಮ್ಮ ಬಂದವಳೇ ನನ್ನ ಮುಖ ನೋಡಿದಳು. ನಾನು ಹೇಳಿದೆ. ಸೋದರಮಾವ, ಬಾಗಿನ, ಜಾತಕ ಎಲ್ಲವನ್ನೂ ಹೇಳಿದೆ. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೇಳಿದಳು. ಕೊನೆಗೆ, “ಅಂಗಾರೆ ಸೈನು ಎಲ್ಲಿ ಆಕ್ಬೇಕು?” ಎಂದಳು.

ಅಷ್ಟೆ. ಒಂದು ಬೈಗುಳವಿಲ್ಲ, ಒಂದು ತೊಟ್ಟು ಕಣ್ಣೀರಿಲ್ಲ. ತೋರಿಸಿದ ಕಡೆ ನಿಧಾನವಾಗಿ, ಶಾಲೆಯಲ್ಲಿ ಕಲಿತ ಅಕ್ಷರದಲ್ಲಿ ಹೆಸರು ಬರೆದಳು. ಸಹಿ ಸಿಕ್ಕಾಗ ಸಂತೋಷವಾಗುವುದು ನನ್ನ ಕೆಲಸದ ಅಭ್ಯಾಸ. ಅವತ್ತು ಆ ಕಾಗದವನ್ನು ಚೀಲಕ್ಕೆ ಹಾಕಿಕೊಳ್ಳಲೂ ನನಗೆ ನಾಚಿಕೆಯಾಯಿತು.

ಗೌಡರು ಹೊಳೆನರಸೀಪುರದ ಕೋರ್ಟಿಗೆ ಹೋಗಿ ಹೊಣೆ ನಿಂತರು. ಆದೇಶ ಬಂದು ಆಕೆ ಹೊರಗೆ ಬರುವ ಹೊತ್ತಿಗೆ ಅಪ್ಪ ಮಗಳು ಗೇಟಿನ ಎದುರು ನಿಂತಿದ್ದರು. ನಾನೂ ಹೋಗಿದ್ದೆ. ಹೋಗಬೇಕಾದ ಅಗತ್ಯವಿರಲಿಲ್ಲ, ಹೋಗದೇ ಇರಲು ಆಗಲಿಲ್ಲ. ತಿಮ್ಮೇಗೌಡರು ತಂಗಿಯನ್ನು ನೋಡಿ, “ಬಾವ ಎಲ್ಲವ್ನೆ? ಅವ್ನ್ನೂ ಕರ್ಸು” ಎಂದರು. ಅಷ್ಟು ವರ್ಷದ ಜಗಳ ಅಲ್ಲಿಗೆ ಮುಗಿಯಿತು, ಆದರೆ ಆ ಹೊತ್ತಿನಲ್ಲಿ ಅದು ಯಾರಿಗೂ ಬೇಕಾಗಿರಲಿಲ್ಲ.

ಭಾಗ್ಯ ಮುಂದೆ ಬಂದು ಅತ್ತೆಯ ಕೈಯಲ್ಲಿದ್ದ ಬಟ್ಟೆಯ ಚೀಲ ಇಸಿದುಕೊಂಡಳು. ಸರೋಜಮ್ಮ ಅವಳ ಮುಖ ನೋಡಲಾರದೆ ನೆಲ ನೋಡುತ್ತ ನಿಂತಳು.

“ನಿನ್ ಬಾಳ್ಗೆ ಕಲ್ಲಾಕ್ಬುಟ್ಟೆ ಕಣವ್ವಾ. ಅದ್ಕೇಯ ನಾನು ಒಬ್ರಿಗೂ ಏಳ್ದಂಗೆ ಕುಂತಿದ್ದೆ. ಆದ್ರೂ ಉಳಿಸ್ಕಳಾಕಾಗ್ಲಿಲ್ಲ.”

“ನನ್ ಮದ್ವೆ ಅಂತ ನೀನು ಒಳಗೆ ಕುಂತೆ. ನನ್ ಮದ್ವೆ ಅಂತ ಅಪ್ಪ ವಾರದಿಂದ ಊಟ ಬಿಟ್ಟದೆ” ಎಂದಳು ಭಾಗ್ಯ. “ನನ್ನ ಯಾರಾದ್ರೂ ಒಂದ್ ಮಾತ್ ಕೇಳುದ್ರಾ? ನಮ್ಮತ್ತೆ ಜೈಲಲ್ಲವ್ಳೆ, ಅವಳು ಬರೋಗಂಟ ನಾನು ಹಸೆಮಣೆ ಹತ್ತಲ್ಲ, ಇಷ್ಟ ಇದ್ರೆ ಕಾಯ್ರಿ, ಇಲ್ದಿದ್ರೆ ಓಗ್ರಿ ಅಂತ ನಾನೇ ಅವ್ರಿಗೆ ಹೇಳ್ತಿದ್ದೆ.”

ಸರೋಜಮ್ಮ ಮೊದಲ ಸಲ ತಲೆ ಎತ್ತಿದಳು.

“ಆ ಮಾತ ಮೊದ್ಲೇ ಏಳ್ಬಾರ್ದಾಗಿತ್ತೇನೇ?” ಎಂದಳು.

“ಹೇಳಾಕೆ ನೀನೆಲ್ಲಿದ್ದೆ ಅಂತ ನಂಗೊತ್ತಿತ್ತಾ ಅತ್ತೆ?”

ಜೈಲಿನೊಳಗೆ ನನ್ನೆದುರು ಒಂದು ಸಲವೂ ಅಳದೆ ಇದ್ದ ಹೆಂಗಸು ಅಲ್ಲೇ ರಸ್ತೆಯ ಬದಿಯಲ್ಲಿ ಕುಸಿದು ಕೂತು, ಹುಡುಗಿಯ ಕಾಲನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಗೋಳೋ ಎಂದು ಅತ್ತಳು.